ತಿಮಿಂಗಿಲದ ಸುಗಂಧ, ಕೊಳ್ಳುವವನ ಹೊಣೆ

ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಮೇಣದಂಥ ಗಟ್ಟಿ ಪದಾರ್ಥ ಅಂಬರ್‌ಗ್ರಿಸ್. ಒಡೆದು ನೋಡಿದರೆ ಒಳಗೆ ಬೊಂಡಾಸಿನ ಕಪ್ಪು ಕೊಕ್ಕುಗಳು ಸಿಗುವುದುಂಟು. ಹೊಸದಾಗಿದ್ದಾಗ ಸಗಣಿಯ ನಾತ. ವರ್ಷಗಟ್ಟಲೆ ಉಪ್ಪುನೀರು, ಬಿಸಿಲಿನಲ್ಲಿ ತೇಲಿದ ಮೇಲೆ ನವಿರಾದ ಕಂಪು.

ಕಡಲು ತಾನಾಗಿ ದಡಕ್ಕೆಸೆದದ್ದನ್ನು ಹೆಕ್ಕಿಕೊಂಡರೆ ತಪ್ಪೇನು ಎಂಬುದು ನೈಸರ್ಗಿಕ ಸುಗಂಧದ ಪಕ್ಷಪಾತಿಗಳ ವಾದ. ಇಸ್ಲಾಮಿನ ಆರಂಭಕಾಲದ ವಿದ್ವಾಂಸರಲ್ಲೂ ಅಂಬರ್‌ಗ್ರಿಸ್‌ನ ಚರ್ಚೆ ನಡೆದಿತ್ತು. ಇದು ಸಮುದ್ರ ಹೊರಹಾಕಿದ ವಸ್ತು, ತೆರಿಗೆ ತೆರಬೇಕಾದ ನಿಧಿಯಲ್ಲ ಎಂದರು ಇಬ್ನ್ ಅಬ್ಬಾಸ್; ಐದನೇ ಒಂದು ಪಾಲು ತೆರಬೇಕೆಂದರು ಹಸನ್ ಬಸ್ರಿ. ಅಲ್ಲಿ ಪ್ರಶ್ನೆ ತೆರಿಗೆಯದ್ದು, ಪ್ರಾಣಿಯ ನೋವಿನದ್ದಲ್ಲ.

ಜೈನ ಚಿಂತನೆ ಇನ್ನೂ ಆಳಕ್ಕಿಳಿಯುತ್ತದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಹಿಂಸೆಯೇ. ಕೊಂದ ತಿಮಿಂಗಿಲಗಳ ಹೊಟ್ಟೆ ಬಗೆದೂ ಅಂಬರ್‌ಗ್ರಿಸ್ ತೆಗೆದದ್ದುಂಟು. ಸುಗಂಧದ ಸೀಸೆಯಲ್ಲಿರುವುದು ಯಾವ ಬಗೆಯದೆಂದು ಕೊಳ್ಳುವವನಿಗೆ ತಿಳಿಯದು. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟವೇ ಅಪರಾಧ. ಬೆಂಗಳೂರಿನಲ್ಲೂ ಪೊಲೀಸರು ಮಾಲು ಹಿಡಿದಿದ್ದಾರೆ.

ಕ್ಲೇರಿ ಸೇಜ್ ಗಿಡದ ಸ್ಕ್ಲೇರಿಯಾಲ್ ಎಂಬ ರಾಸಾಯನಿಕದಿಂದ ಪ್ರಯೋಗಾಲಯದಲ್ಲಿ ತಯಾರಾಗುವ ಆಂಬ್ರಾಕ್ಸನ್ ಎಂಬ ಸುಗಂಧದ್ರವ್ಯ ಅಂಬರ್‌ಗ್ರಿಸ್‌ಗೆ ಹತ್ತಿರದ ಕಂಪನ್ನೇ ಕೊಡುತ್ತದೆ. ಪ್ರಯೋಗಾಲಯದ್ದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಮಡಿವಂತಿಕೆಯೇ ಹೊರತು ನೀತಿಯಲ್ಲ.