ಪರೀಕ್ಷಿಸದೆ ಕೊಟ್ಟ ಮದ್ದು

ಸದುದ್ದೇಶದಿಂದ ಆಡಿದ ಮಾತಿನಿಂದ ಇನ್ನೊಬ್ಬರಿಗೆ ಕೇಡಾದರೆ ಅದರ ದೋಷ ಆಡಿದವನಿಗೆ ತಟ್ಟುವುದೇ? ಪ್ರಶ್ನೆ ಹಳೆಯದು. ನಮ್ಮಂತಹ ವಯೋವೃದ್ಧರ ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಅದು ದಿನನಿತ್ಯದ ಪ್ರಶ್ನೆಯಾಗಿದೆ.

ಕೆಲವು ತಿಂಗಳ ಹಿಂದೆ ಮೊಬೈಲಿಗೆ ಬಂದ ಸಂದೇಶವೊಂದನ್ನು ನಾನು ಆಪ್ತರಿಗೆಲ್ಲ ಕಳುಹಿಸಿದೆ. ದಿನವೂ ಎಳನೀರು ಸೇವಿಸಿದರೆ ಮೂತ್ರಪಿಂಡಗಳು ಶುದ್ಧವಾಗುವುವೆಂದು ಅದರಲ್ಲಿತ್ತು. ಮೂತ್ರಪಿಂಡದ ವ್ಯಾಧಿಯಿಂದ ಬಳಲುತ್ತಿದ್ದ ನನ್ನ ಭಾವನವರು ಅದನ್ನು ನಂಬಿ ಆಚರಿಸಿದರು. ಎರಡನೆಯ ವಾರದಲ್ಲಿ ಆಸ್ಪತ್ರೆ ಸೇರಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕ. ಆರೋಗ್ಯವಂತನ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ರೋಗಗ್ರಸ್ತವಾದುದು ಹೊರಹಾಕಲಾರದು, ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು ಎಂದು ವೈದ್ಯರು ತಿಳಿಸಿದರು. ಭಾವನವರು ಚೇತರಿಸಿಕೊಂಡರು. "ನೀನು ಕಳುಹಿಸಿದ್ದಲ್ಲವೇ, ಅದಕ್ಕೇ ನಂಬಿದೆ" ಎಂದರು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೂ ನೆನೆದಾಗಲೆಲ್ಲ ನನ್ನ ತಲೆ ತಗ್ಗುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮಿಥ್ಯೋಪದೇಶವನ್ನು ಮೊದಲಿಗೆ ಎಣಿಸಿದ್ದಾರೆ. ಹಿಂಸೆಯ ಲಕ್ಷಣ ಹೇಳುವಾಗಲೂ ಪ್ರಮಾದವನ್ನೇ ಮೂಲವಾಗಿ ಇರಿಸಿದ್ದಾರೆ. ನನ್ನಲ್ಲಿ ದ್ವೇಷವಿರಲಿಲ್ಲ, ನಿಜ, ಎಚ್ಚರವೂ ಇರಲಿಲ್ಲ. ವ್ಯಾಪಾರದಲ್ಲಿ ಸಹಿಯನ್ನು ಪರೀಕ್ಷಿಸದೆ ಒಂದು ಹುಂಡಿಯನ್ನಾಗಲಿ ಚೆಕ್ಕನ್ನಾಗಲಿ ನಾನು ಸ್ವೀಕರಿಸಿದವನಲ್ಲ. ಬರೆದವರಾರೆಂದು ತಿಳಿಯದ ಔಷಧೋಪದೇಶವನ್ನು ಮಾತ್ರ ಕ್ಷಣಾರ್ಧದಲ್ಲಿ ಮುಂದಕ್ಕೆ ದಾಟಿಸಿದೆ. ಹಣದ ವಿಷಯದಲ್ಲಿದ್ದ ಎಚ್ಚರ ಪ್ರಾಣದ ವಿಷಯದಲ್ಲಿ ಇರಲಿಲ್ಲ.

ಹಾಗೆಂದು ವೃದ್ಧರು ಮೊಬೈಲನ್ನು ತ್ಯಜಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಮಕ್ಕಳು ದೂರದ ಊರುಗಳಲ್ಲಿರುವ ಮನೆಗಳಲ್ಲಿ ಅದೊಂದು ಆಸರೆ. 2019ರಲ್ಲಿ ಆರಂಭವಾದ ಕೇಂದ್ರ ಸರಕಾರದ ಇ-ಸಂಜೀವನಿ ಸೇವೆಯಲ್ಲಿ ವೈದ್ಯರನ್ನೇ ಶುಲ್ಕವಿಲ್ಲದೆ ವಿಚಾರಿಸಬಹುದು. ಆದರೆ ಕೈಯಿಂದ ಕೈಗೆ ಬರುವ ಸಂದೇಶ ಒಂದೇ ನಯದಿಂದ ನುಡಿಯುತ್ತದೆ. ಯಾರಿಗೆ, ಯಾವ ರೋಗದಲ್ಲಿ, ಎಷ್ಟು ಪ್ರಮಾಣದಲ್ಲಿ ಎಂಬ 'ಸ್ಯಾತ್' ಅದರಲ್ಲಿರುವುದಿಲ್ಲ. ಎಳನೀರು ಒಂದು ಅಪೇಕ್ಷೆಯಿಂದ ಪಥ್ಯ, ಮತ್ತೊಂದು ಅಪೇಕ್ಷೆಯಿಂದ ಅಪಥ್ಯ. ಅನೇಕ ಬಾರಿ ದಾಟಿ ಬಂದ ಸಂದೇಶಕ್ಕೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತದೆ. ಅದು ಬಹುಜನರು ದಾಟಿಸಿದ್ದರ ಗುರುತೇ ಹೊರತು ಸತ್ಯದ ಮುದ್ರೆಯಲ್ಲ.

ದೋಷ ಅರಿವಾದ ಮೇಲೆ ಆಲೋಚನಾ, ಪ್ರಾಯಶ್ಚಿತ್ತಗಳು ಶ್ರಾವಕನಿಗೆ ವಿಹಿತ. ಯಾರು ಯಾರಿಗೆ ಆ ಸಂದೇಶ ಕಳುಹಿಸಿದ್ದೆನೋ ಅವರೆಲ್ಲರಿಗೂ ನಡೆದುದನ್ನು ತಿಳಿಸಿ, ತಪ್ಪಾಯಿತೆಂದು ಬರೆದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಪರೀಕ್ಷಿಸದೆ ಕೊಟ್ಟ ಮದ್ದು ದಾನವೆನಿಸದು.