ನೆರೆಯೋ, ಉಬ್ಬರವೋ

ಕ್ಷಯದ ಸುಪ್ತ ಸೋಂಕನ್ನು ಯಾವ ಪರೀಕ್ಷೆಯೂ ನೇರವಾಗಿ ಕಾಣಲಾರದು. ಅಡಗಿದ ರೋಗಾಣು ಕಫದಲ್ಲಿ ಸಿಗುವುದಿಲ್ಲ. ಸಿಗುವುದು ಅದನ್ನು ಹಿಂದೆ ಎದುರಿಸಿದ ಬಿಳಿರಕ್ತಕಣಗಳ ನೆನಪು ಮಾತ್ರ. ಹೀಗಾಗಿ ಚರ್ಮದ ಪರೀಕ್ಷೆಯೂ ರಕ್ತದ ಪರೀಕ್ಷೆಯೂ ಪ್ರತ್ಯಕ್ಷವಲ್ಲ, ಅನುಮಾನ. ಕಾರ್ಯದಿಂದ ಕಾರಣಕ್ಕೆ ಹೋಗುವ, ನ್ಯಾಯಶಾಸ್ತ್ರ ‘ಶೇಷವತ್’ ಎನ್ನುವ ಬಗೆ.

ಅದಕ್ಕೆ ಹಳೆಯ ಉದಾಹರಣೆ ತುಂಬಿದ ಹೊಳೆ: ಮೇಲೆ ಮಳೆಯಾಗಿರಬೇಕು. ನ್ಯಾಯಸೂತ್ರವೇ ಆಕ್ಷೇಪವನ್ನೂ ಎತ್ತುತ್ತದೆ: ನೀರಿಗೆ ತಡೆ ಬಂದರೂ ಹೊಳೆ ತುಂಬುತ್ತದಲ್ಲ? ಉಡುಪಿ ಕರಾವಳಿಯ ಉಪ್ಪುಂದದ ಕಡೆಯವರಿಗೆ ಇನ್ನೂ ಹತ್ತಿರದ ದೃಷ್ಟಾಂತವಿದೆ. ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕೆ ಏರುವುದು ಕೊಡಚಾದ್ರಿಯ ಮಳೆಯಿಂದಲೂ ಹೌದು, ಕಡಲಿನ ಉಬ್ಬರದಿಂದಲೂ ಹೌದು.

ಚರ್ಮದ ಪರೀಕ್ಷೆಯ ತೊಡಕು ಇದೇ. ವೈದ್ಯ ರಾಬರ್ಟ್ ಕಾಖ್ 1890ರಲ್ಲಿ ಪ್ರಕಟಿಸಿದ ಟ್ಯೂಬರ್‌ಕ್ಯುಲಿನ್ ಔಷಧವಾಗಿ ಸೋತಿತು, ಪರೀಕ್ಷೆಯಾಗಿ ಉಳಿಯಿತು. 1908ರಲ್ಲಿ ವೈದ್ಯ ಮಾಂಟೂ ಅದನ್ನು ಮುಂಗೈಯ ಚರ್ಮದೊಳಕ್ಕೆ ಚುಚ್ಚುವ ಕ್ರಮ ತಂದರು. 48ರಿಂದ 72 ಗಂಟೆಗಳ ನಡುವೆ ಕೆಂಪನ್ನಲ್ಲ, ಗಟ್ಟಿಯಾದ ಉಬ್ಬನ್ನು ಅಳೆಯಬೇಕು. ಆದರೆ ಟ್ಯೂಬರ್‌ಕ್ಯುಲಿನ್ ಹಲವು ಪ್ರೋಟೀನುಗಳ ಮಿಶ್ರಣ. ಬಿಸಿಜಿ ಲಸಿಕೆ ಪಡೆದವರಲ್ಲೂ, ಮಣ್ಣು-ನೀರಿನ ನಿರುಪದ್ರವಿ ಮೈಕೋಬ್ಯಾಕ್ಟೀರಿಯಾ ಸೋಕಿದವರಲ್ಲೂ ಉಬ್ಬು ಏಳಬಹುದು. ಬೆಚ್ಚನೆಯ, ತೇವದ ತಗ್ಗುಪ್ರದೇಶಗಳಲ್ಲಿ ಈ ಗೊಂದಲ ಹೆಚ್ಚು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸೋಂಕಿನ ಸಮೀಕ್ಷೆಗಳಲ್ಲಿ ಬಿಸಿಜಿ ಕಲೆಯಿಲ್ಲದ ಮಕ್ಕಳ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟದ್ದು ಇದೇ ಎಚ್ಚರದಿಂದ.

ಹೊಳೆಯ ಆಕ್ಷೇಪಕ್ಕೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನ ಸೊಗಸಾಗಿದೆ: ಬರೀ ಏರಿದ ನೀರು ಹೇತುವಲ್ಲ, ಅಂದರೆ ಅನುಮಾನಕ್ಕೆ ಆಧಾರವಲ್ಲ; ಸೆಳವು, ನೊರೆ, ತೇಲಿಬರುವ ಎಲೆ-ಕಟ್ಟಿಗೆಗಳೊಡನೆ ಏರಿದ ನೀರು ಹೇತು. ಇಂಟರ್‌ಫೆರಾನ್-ಗಾಮಾ ರಕ್ತಪರೀಕ್ಷೆ ಮಾಡುವುದೂ ಅದನ್ನೇ. ಇಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳು ಕ್ಷಯದ ರೋಗಾಣುವಿನಲ್ಲಿವೆ. ಬಿಸಿಜಿಯಲ್ಲಿಲ್ಲ, ಪರಿಸರದ ಬಹುಪಾಲು ಮೈಕೋಬ್ಯಾಕ್ಟೀರಿಯಾಗಳಲ್ಲೂ ಇಲ್ಲ. ಅವು ತಾಗಿದಾಗ ರಕ್ತಕಣಗಳು ಇಂಟರ್‌ಫೆರಾನ್ ಸುರಿಸುತ್ತವೆಯೇ ಎಂದು ನೋಡಲಾಗುತ್ತದೆ. ಉಡುಪಿಯ ನೆಲದಲ್ಲೇ ಬೆಳೆದ ಮಧ್ವಮತ ಅನುಮಾನವನ್ನು ನಿರ್ದೋಷವಾದ ಉಪಪತ್ತಿ ಎಂದು ಲಕ್ಷಣೀಕರಿಸುತ್ತದೆ. ಇಲ್ಲಿ ತಿದ್ದಿದ್ದು ಅಂಥ ಒಂದು ದೋಷವನ್ನು.

ಹಾಗೆಂದು ರಕ್ತಕ್ಕೇ ಹೆಚ್ಚಿನ ಪ್ರಾಮಾಣ್ಯವಿಲ್ಲ. ಪ್ರತಿಕಾಯ ಹುಡುಕುವ ಕ್ಷಯದ ರಕ್ತಪರೀಕ್ಷೆಗಳನ್ನು ಭಾರತ 2012ರಲ್ಲಿ ನಿಷೇಧಿಸಿತು. ಅತ್ತ ಅದೇ ಎರಡು ಪ್ರೋಟೀನುಗಳನ್ನು ಬಳಸುವ ಹೊಸ ಚರ್ಮಪರೀಕ್ಷೆಗಳನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಭೇದವಿರುವುದು ಚರ್ಮ-ರಕ್ತಗಳಲ್ಲಲ್ಲ, ಹೇತುವಿನಲ್ಲಿ. ರಕ್ತಪರೀಕ್ಷೆಗೆ ಪ್ರಯೋಗಾಲಯ ಬೇಕು, ಖರ್ಚು ಹೆಚ್ಚು. ಮಾಂಟೂ ಪರೀಕ್ಷೆಗೆ ಎರಡು ಬಾರಿ ಬರಬೇಕು, ದಿನಗೂಲಿಯವರಿಗೆ ಅದೂ ಖರ್ಚೇ.

ಹೊಳೆ ಕೆಂಪಾಗಿದ್ದರೆ ಮಳೆ ಬಂದದ್ದು ತಿಳಿಯುತ್ತದೆ, ನಾಳೆಯ ನೆರೆ ತಿಳಿಯುವುದಿಲ್ಲ. ಸೋಂಕಿದವರಲ್ಲಿ ಜೀವಮಾನದಲ್ಲಿ ರೋಗವಾಗುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ. ಅವರು ಯಾರೆಂದು ಎರಡೂ ಪರೀಕ್ಷೆಗಳು ಹೇಳಲಾರವು. ಎಚ್‌ಐವಿ, ತೀವ್ರ ಅಪೌಷ್ಟಿಕತೆ ಇದ್ದವರಲ್ಲಿ ನೆನಪೇ ಮಂಕಾಗಿ ಫಲಿತಾಂಶ ಸುಳ್ಳಾಗಿ ‘ಇಲ್ಲ’ ಎಂದೀತು; ಕಾಣದಿರುವುದು ಇಲ್ಲದಿರುವುದಲ್ಲ. ಆದ್ದರಿಂದಲೇ ಮನೆಯಲ್ಲಿ ಶ್ವಾಸಕೋಶದ ಕ್ಷಯವಿರುವಾಗ, ಐದು ವರ್ಷದೊಳಗಿನ ಮಗುವಿಗೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಸೋಂಕಿನ ಪರೀಕ್ಷೆಗೆ ಕಾಯದೆ ತಡೆಗಟ್ಟುವ ಮಾತ್ರೆ ಕೊಡಲಾಗುತ್ತದೆ.