ಗಾಳದ ಪೆಟ್ಟಿಗೆಯಿಂದ ಕಲಿಯತಕ್ಕ ಪಾಠ



ಲೂಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ಓದುವವರು ಸೀಮೋನನಿಗೆ ಸಿಕ್ಕಿದ ಮೀನುಗಳ ರಾಶಿಯನ್ನು ಮರೆಯುವದಿಲ್ಲ. ಆದರೆ ಅದಕ್ಕೆ ಮುಂಚೆ ನಡೆದ ಒಂದು ಸಣ್ಣ ಕೆಲಸವನ್ನು ಹೆಚ್ಚಾಗಿ ಗಮನಿಸುವದಿಲ್ಲ. ಕರ್ತನು ಸರೋವರದ ದಡಕ್ಕೆ ಬಂದಾಗ ಆ ಬೆಸ್ತರು ಏನು ಮಾಡುತ್ತಾ ಇದ್ದರು? ಬಲೆಗಳನ್ನು ತೊಳೆಯುತ್ತಾ ಇದ್ದರು. ರಾತ್ರಿಯೆಲ್ಲಾ ದುಡಿದು ಒಂದು ಮೀನೂ ದೊರೆಯದ ಮೇಲೆ ತೊಳೆಯುತ್ತಾ ಇದ್ದರೆಂಬದೇ ಇಲ್ಲಿ ವಿಶೇಷವು. ಲಾಭ ಬಂದ ದಿನ ಸಾಮಾನನ್ನು ಜೋಪಾನ ಮಾಡುವದು ಸುಲಭ. ಬರಿಗೈಯಲ್ಲಿ ಹಿಂದಿರುಗಿದ ದಿನ ಜೋಪಾನ ಮಾಡುವವನೇ ನಂಬಿಗಸ್ತನು. ಅವರು ಬೇಸತ್ತು ಬಲೆಗಳನ್ನು ಕೆಸರಿನಲ್ಲಿಯೇ ಬಿಸಾಡಿ ಮನೆಗೆ ಹೋಗಿದ್ದರೆ, ಆಳಕ್ಕೆ ಹೋಗೆಂಬ ಅಪ್ಪಣೆ ಬಂದಾಗ ಯಾವ ಬಲೆಯನ್ನು ಹಾಕುತ್ತಿದ್ದರು?

ಈ ಮಾತು ನಮ್ಮ ಸೀಮೆಗೆ ದೂರವಾದದ್ದಲ್ಲ. ಮಲಪ್ರಭೆಯು ಪಟ್ಟದಕಲ್ಲು ಐಹೊಳೆಗಳ ಬಳಿಯಲ್ಲಿ ಹರಿದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 1964ರಲ್ಲಿ ಅಡಿಗಲ್ಲು ಹಾಕಲ್ಪಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಾರಿಯಲ್ಲಿ ಬಾಗಲಕೋಟೆಯ ಹಳೇ ಊರಿನವರೆಗೂ ಬಂದು ನಿಂತಿತು; ಅನೇಕರು ಮನೆ ಹೊಲಗಳನ್ನು ಬಿಟ್ಟು ನವನಗರಕ್ಕೂ ಬೇರೆ ಊರುಗಳಿಗೂ ಹೋಗಬೇಕಾಯಿತು. ಮುಂಚೆ ಜೋಳ ಬೆಳೆದ ಭೂಮಿಯ ಮೇಲೆ ಈಗ ಹರಿಗೋಲು ನಡೆಯುತ್ತದೆ. ಆ ನೀರಿನಿಂದ ಹೊಟ್ಟೆಹೊರೆಯುವ ಬಡವನಿಗೆ ಬಲೆಯೂ ಗಾಳವೂ ಆಟದ ಸಾಮಾನುಗಳಲ್ಲ. ಮನೆಯವರ ರೊಟ್ಟಿಯೇ ಅವುಗಳಲ್ಲಿ ಅದೆ.

ಬಲೆ ಗಾಳಗಳಲ್ಲದೆ ಹುಸಿ ಎರೆ ಎಂಬ ಇನ್ನೊಂದು ಸಾಧನವುಂಟು. ಮರ, ಲೋಹ, ಪ್ಲಾಸ್ಟಿಕ್ ಇವುಗಳಿಂದ ಸಣ್ಣ ಮೀನಿನ ಆಕಾರವನ್ನು ಮಾಡಿ, ಬಣ್ಣ ಬಳಿದು, ಕೆಳಗೆ ಕೊಕ್ಕೆಗಳನ್ನು ತೂಗಹಾಕುತ್ತಾರೆ. ನೀರಿನಲ್ಲಿ ಎಳೆಯುವಾಗ ಅದು ಹೊಳೆಯುವದನ್ನು ಕಂಡು ಬೇಟೆಯಾಡುವ ಮೀನು ಮೇಲೆ ಬೀಳುತ್ತದೆ. ಇದು ನಿನ್ನೆ ಮೊನ್ನೆಯ ಯುಕ್ತಿಯಲ್ಲ. ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿಯು ಈ ದೇಶದ ನದಿಗಳಲ್ಲಿ ಗಾಳ ಹಾಕುವ ವಿಷಯವಾಗಿ ಬರೆದ ಇಂಗ್ಲಿಷ್ ಪುಸ್ತಕವು 1873ರಲ್ಲಿ ನಮ್ಮ ಮಂಗಳೂರಿನಿಂದಲೇ ಪ್ರಕಟವಾಯಿತು. ಫಿನ್ಲೆಂಡ್ ದೇಶದ ಲೌರಿ ರಾಪಾಲಾ ಎಂಬ ಬಡ ಬೆಸ್ತನು 1936ರಲ್ಲಿ ಬೆಂಡನ್ನು ಕೆತ್ತಿ, ಚಾಕಲೇಟಿನ ಮೇಲಣ ತಗಡಿನ ಕಾಗದವನ್ನು ಸುತ್ತಿ, ಛಾಯಾಚಿತ್ರದ ಫಿಲ್ಮನ್ನು ಕರಗಿಸಿ ಮೇಲೆ ಲೇಪಿಸಿದನು. ಆ ಲೇಪವಿಲ್ಲದಿದ್ದರೆ ನೀರು ಒಳಗೆ ಹೊಕ್ಕು ಅವನ ಶ್ರಮವು ಕೆಡುತ್ತಿತ್ತು. ಆದದರಿಂದ ಇಂಥ ಸಾಮಾನಿನ ಹೊರಮೈಯನ್ನು ಕಾಪಾಡುವದು ಬರಿಯ ಅಂದಕ್ಕಾಗಿ ಅಲ್ಲ, ಅದರ ಆಯುಷ್ಯಕ್ಕಾಗಿಯೇ. ಇದರಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು, ತೇವವನ್ನು ಒಳಗಿಟ್ಟು ಮುಚ್ಚಬಾರದು. ಸಾಯಂಕಾಲ ದಣಿದು ಬಂದವನು ಒದ್ದೆಯಾದ ಗಾಳಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಳವನ್ನು ಮುಚ್ಚಿದರೆ, ಹೊರಗಿನಿಂದ ಎಲ್ಲವೂ ಕ್ರಮವಾಗಿ ಕಾಣುವದು. ಒಳಗಾದರೋ ಉಕ್ಕಿನ ಕೊಕ್ಕೆಗೆ ತುಕ್ಕು ಹಿಡಿದು, ಅದರ ಕಲೆ ಪಕ್ಕದ ಬಣ್ಣಕ್ಕೂ ಅಂಟುವದು. ಮಾಡತಕ್ಕದ್ದೇನಂದರೆ, ಶುದ್ಧವಾದ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ಮುಚ್ಚಬೇಕು. ಬಿಸಿಲಿಗೆ ಇಟ್ಟರೆ ಬಣ್ಣ ಮಾಸುವದು. ನೈಲಾನ್ ಬಲೆಯೂ ಬಹುಕಾಲ ಬಿಸಿಲಿನಲ್ಲಿ ಬಿದ್ದರೆ ನೂಲಿನ ಬಲ ಕುಂದುವದು. ನಮ್ಮ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಪೆಟ್ಟಿಗೆಯನ್ನು ಇಡಲೇಬಾರದು. ಹಾಗೆಯೇ ದಿನದ ಕೋಪವನ್ನೂ ಮುಚ್ಚಿಟ್ಟ ಪಾಪವನ್ನೂ ಎದೆಯೊಳಗೆ ಇಟ್ಟುಕೊಂಡು ಮಲಗುವವನ ಪ್ರಾರ್ಥನೆಯ ಮೇಲೆ ಮುಚ್ಚಳ ಚೆನ್ನಾಗಿರಬಹುದು, ಒಳಗೆ ತುಕ್ಕು ಬೆಳೆಯುವದು. ಹೊತ್ತು ಮುಳುಗುವದಕ್ಕೆ ಮುಂಚೆ ಕೋಪವನ್ನು ಬಿಡಬೇಕೆಂದು ಪೌಲನು ಎಫೆಸದವರಿಗೆ ಬರೆದದ್ದು ಇದಕ್ಕಾಗಿಯೇ.

ಎರಡನೆಯದು, ಒಂದೊಂದಕ್ಕೂ ಅದರದರ ಸ್ಥಳ ಬೇಕು. ಹುಸಿ ಎರೆಗಳನ್ನೆಲ್ಲಾ ಒಂದೇ ರಾಶಿಯಾಗಿ ಹಾಕಿದರೆ, ಒಂದರ ಕೊಕ್ಕೆ ಮತ್ತೊಂದರ ಮೈಯನ್ನು ಗೀರಿ ಬಣ್ಣವನ್ನು ಕೀಳುವದು. ಬಿರುಕಿನಿಂದ ನೀರು ಹೊಕ್ಕು ಮರವು ಉಬ್ಬುವದು. ಆದಕಾರಣ ಅಡ್ಡಪಟ್ಟಿಗಳಿಂದ ಮನೆಮನೆಯಾಗಿ ಮಾಡಿದ ಪೆಟ್ಟಿಗೆಯಲ್ಲಿ ಒಂದೊಂದನ್ನು ಬೇರೆಬೇರೆಯಾಗಿ ಇಟ್ಟು, ಕೊಕ್ಕೆಯ ಮೊನೆಗೆ ಸಣ್ಣ ಕೊಳವೆಯ ತುಂಡನ್ನು ತೊಡಿಸಬೇಕು. ರಬ್ಬರಿನ ಹಾಗೆ ಮೆತ್ತಗಿರುವವುಗಳನ್ನು ಗಟ್ಟಿಯಾದವುಗಳಿಗೆ ಮುಟ್ಟಿಸಲೇಬಾರದು. ಯಾಕಂದರೆ ಅವುಗಳನ್ನು ಮೆತ್ತಗೆ ಮಾಡಲು ಬೆರಸಿದ ಎಣ್ಣೆಯಂಥ ದ್ರವ್ಯವು ಒಸರಿ ಪಕ್ಕದ ಬಣ್ಣವನ್ನೂ ಪ್ಲಾಸ್ಟಿಕನ್ನೂ ಕರಗಿಸುವದು. ಇಳಕಲ್ಲಿನ ತಾಯಂದಿರಿಗೆ ಈ ಬುದ್ಧಿಯನ್ನು ನಾವು ಹೇಳಬೇಕಾಗಿಲ್ಲ. ತೋಪುತೆನೆಯ ಸೆರಗಿನ ಸೀರೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಿ, ಬಿಸಿಲು ತಾಕದಂತೆ ಇಡುವವರಿಗೆ ಸಾಮಾನಿನ ಬೆಲೆ ಗೊತ್ತುಂಟು.

ಒಂದು ಸಭೆಯಲ್ಲಿಯೂ ಇದೇ ನಿಯಮವು. ಚುರುಕು ಮಾತಿನವರೂ ಮೆತ್ತನೆಯ ಮನಸ್ಸಿನವರೂ ಒಂದೇ ಪೆಟ್ಟಿಗೆಯಲ್ಲಿ ಇದ್ದೇವೆ. ಮಾತಿನ ಮೊನೆಗೆ ಮುಸುಕು ಹಾಕದಿದ್ದರೆ ಒಬ್ಬರನ್ನೊಬ್ಬರು ಗೀರುವೆವು. ಗೀರು ಬಿದ್ದದ್ದನ್ನು ಏನು ಮಾಡಬೇಕು? ಬಿಸಾಡಬಾರದು. ಜಾಣನಾದ ಬೆಸ್ತನು ತುಕ್ಕನ್ನು ಉಜ್ಜಿ, ಗೀರಿನ ಮೇಲೆ ವಾರ್ನಿಷನ್ನು ತೆಳ್ಳಗೆ ಹಚ್ಚಿ, ಕೆಟ್ಟ ಕೊಕ್ಕೆಯನ್ನು ಮಾತ್ರ ಬದಲಾಯಿಸುತ್ತಾನೆ. ಜೆಬೆದಾಯನ ಮಕ್ಕಳು ಬಲೆಗಳನ್ನು ಸರಿಮಾಡುತ್ತಿದ್ದರೆಂದು ಮತ್ತಾಯನು ಹೇಳುವಲ್ಲಿರುವ ಗ್ರೀಕ್ ಮಾತೇ, ತಪ್ಪಿನಲ್ಲಿ ಸಿಕ್ಕಿಬಿದ್ದ ಸಹೋದರನನ್ನು ಶಾಂತಭಾವದಿಂದ ಸರಿಮಾಡಿರೆಂದು ಪೌಲನು ಗಲಾತ್ಯದವರಿಗೆ ಬರೆಯುವಲ್ಲಿಯೂ ಅದೆ. ಹರಿದ ಬಲೆಯನ್ನು ಹೊಲಿಯುವಷ್ಟು ತಾಳ್ಮೆಯು ಬಿದ್ದ ನೆರೆಯವನ ವಿಷಯದಲ್ಲಿ ನಮಗೆ ಉಂಟೋ? ಮುರಿದ ಕೊಕ್ಕೆಯನ್ನು ದಡದಲ್ಲಿ ಎಸೆಯುವವನು ಬರಿಗಾಲಿನ ಮಕ್ಕಳನ್ನೂ ನೀರು ಕುಡಿಯಬರುವ ದನಗಳನ್ನೂ ಗಾಯಪಡಿಸುವನೆಂಬದನ್ನೂ ನೆನಸಿರಿ. ನಮ್ಮ ಅಜಾಗ್ರತೆಯು ನಮ್ಮ ಅಂಗಳದಲ್ಲಿಯೇ ನಿಲ್ಲುವದಿಲ್ಲ.

ಮೂರನೆಯದು, ಸಾಧನದ ಹೊಳಪು ಸಾಧನಕ್ಕಿರಲಿ, ಮನುಷ್ಯನಿಗೆ ಬೇಡ. ಒಬ್ಬನು ಕೇಳಬಹುದು: ಹುಸಿ ಎರೆಯ ಹೊಳಪು ಮೋಸಗೊಳಿಸುವದಕ್ಕಲ್ಲವೇ? ಅದನ್ನು ಕಾಪಾಡೆಂದು ಪ್ರಸಂಗ ಮಾಡುವದು ತಕ್ಕದ್ದೋ? ಪ್ರಶ್ನೆಯು ನ್ಯಾಯವಾದದ್ದೇ. ಮೀನು ಹಿಡಿಯುವದು ನಿಷಿದ್ಧವಲ್ಲ. ಕರ್ತನು ತಾನೇ ಪೇತ್ರನನ್ನು ಗಾಳ ಹಾಕುವದಕ್ಕೆ ಕಳುಹಿಸಿದನು. ಆದರೆ ಮನುಷ್ಯನು ಮೇಲೆ ಬಣ್ಣವನ್ನೂ ಕೆಳಗೆ ಕೊಕ್ಕೆಯನ್ನೂ ಇಟ್ಟುಕೊಂಡು ನೆರೆಯವನ ಬಳಿಗೆ ಹೋಗುವದು ಬೇರೆ ಸಂಗತಿ. ಬಡವನಿಗೆ ಸಿಹಿಮಾತಿನಿಂದ ಸಾಲ ಕೊಟ್ಟು ಬಡ್ಡಿಯಿಂದ ಹಿಡಿಯುವವನೂ, ಸ್ನೇಹದ ಹೆಸರಿನಿಂದ ಹೆಂಡದಂಗಡಿಗೆ ಕರಕೊಂಡು ಹೋಗುವವನೂ ಹುಸಿ ಎರೆಯೇ. ಒಬ್ಬೊಬ್ಬನು ತನ್ನ ಆಶೆಯಿಂದಲೇ ಎಳೆಯಲ್ಪಡುತ್ತಾನೆಂದು ಯಾಕೋಬನು ಬರೆಯುವಲ್ಲಿ ಎರೆ ತೋರಿಸುವದರ ಮಾತನ್ನೇ ಉಪಯೋಗಿಸುತ್ತಾನೆ. ಹೊಳೆಯುವದೆಲ್ಲಾ ಆಹಾರವಲ್ಲವೆಂದು ಮೀನಿಗೆ ತಿಳಿಯದು, ನಮಗೆ ತಿಳಿಯಬೇಕು.

ಇನ್ನೊಂದು ಅಪಾಯವೂ ಉಂಟು. ತಮ್ಮ ಬಲೆಗೇ ಬಲಿಯನ್ನರ್ಪಿಸುವ ಜನರ ವಿಷಯವಾಗಿ ಹಬಕ್ಕೂಕನು ದುಃಖಿಸುತ್ತಾನೆ. ಸಾಧನವನ್ನು ಕಾಪಾಡುವದು ಒಂದು, ಸಾಧನವನ್ನು ಆರಾಧಿಸುವದು ಇನ್ನೊಂದು. ಪೆಟ್ಟಿಗೆಯು ತುಂಬಿ ನೆರೆಯವನಿಗೆ ಒಂದು ಕೊಕ್ಕೆಯನ್ನೂ ಎರವಲು ಕೊಡದವನು ಅದನ್ನು ಕಾಪಾಡುವದಿಲ್ಲ. ಅದೇ ಅವನನ್ನು ಕಟ್ಟಿಹಾಕಿಕೊಂಡದೆ.

ಆದದರಿಂದ ಪ್ರಿಯರೇ, ಹೊಳೆ ತುಂಬಿ ಹರಿದು ಕೆಲಸ ನಿಂತ ದಿನಗಳಲ್ಲಿ ಪೆಟ್ಟಿಗೆಯನ್ನು ತೆರೆದು ನೋಡಿರಿ. ತೊಳೆಯಿರಿ, ಒಣಗಿಸಿರಿ, ಸರಿಮಾಡಿರಿ. ನೇಗಿಲಾಗಲಿ, ಮಗ್ಗವಾಗಲಿ, ಕಲ್ಲು ಒಡೆಯುವ ಉಳಿಯಾಗಲಿ, ಯಾರಿಗೆ ಯಾವದು ಒಪ್ಪಿಸಲ್ಪಟ್ಟದೋ ಅವರು ಅದಕ್ಕೆ ಹಾಗೆಯೇ ಮಾಡಲಿ. ಬರಿಗೈಯ ರಾತ್ರಿಯ ಮೇಲೆಯೂ ಸಿದ್ಧವಾಗಿರುವ ಬಲೆಯನ್ನು ಕರ್ತನು ಕಂಡನು. ಸಿದ್ಧವಾಗಿರುವ ಹೃದಯವನ್ನೂ ಆತನು ಕಾಣುವನು. ಆತನ ಕೃಪೆಯು ನಮ್ಮೆಲ್ಲರ ಸಂಗಡ ಇರಲಿ. ಆಮೆನ್.